ಆಟಗಾರರು ಮುಷ್ಕರ ಹೂಡಿದಾಗ ಅಭಿಮಾನಿ ಯಾರ ಪಕ್ಷ?

ಗ್ಯಾಲರಿ ಗಿರಾಕಿ

ಅಮೆರಿಕದ ಬೇಸ್‌ಬಾಲ್ ಲೀಗ್‌ನಲ್ಲಿ ಮಾಲೀಕರು ಮತ್ತು ಆಟಗಾರರ ನಡುವಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ತಂಡಗಳ ಸಂಬಳದ ಖರ್ಚಿಗೆ ಕಡ್ಡಾಯ ಮಿತಿ ಇರಬೇಕೆಂಬ ಮಾಲೀಕರ ಹಳೆಯ ಆಸೆ ಮತ್ತೆ ಚಿಗುರಿದೆ. ಆಟಗಾರರ ಸಂಘ ಎಂದಿನಂತೆ ಸುತರಾಂ ಬೇಡವೆನ್ನುತ್ತಿದೆ. ಅಲ್ಲಿ ಏನಾಗುತ್ತದೆ ಎಂಬುದಕ್ಕಿಂತ ನನ್ನನ್ನು ಕಾಡುತ್ತಿರುವುದು ಬೇರೆಯೇ ಪ್ರಶ್ನೆ. ಯಾವ ಆಟವೇ ಇರಲಿ, ಹಣದ ಜಗಳ ಶುರುವಾದ ಕೂಡಲೇ ಅಭಿಮಾನಿಗಳ ಸಿಟ್ಟು ಆಟಗಾರರ ಮೇಲೇ ಏಕೆ ತಿರುಗುತ್ತದೆ?

2004-05ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಇಡೀ ಋತು ರದ್ದಾಯಿತು. ಅದು ಮುಷ್ಕರವಲ್ಲ, ಲಾಕೌಟ್. ಬಾಗಿಲು ಹಾಕಿದವರು ಮಾಲೀಕರು. ಕೊನೆಗೆ ಆಟಗಾರರು ಚಾಲ್ತಿಯಲ್ಲಿದ್ದ ಗುತ್ತಿಗೆಗಳಲ್ಲಿ ಶೇಕಡ 24ರಷ್ಟು ಕಡಿತ ಒಪ್ಪಿಕೊಂಡು, ವೇತನ ಮಿತಿಗೂ ತಲೆಬಾಗಿ ಮರಳಿದರು. ಇಷ್ಟಾದರೂ "ದುರಾಸೆ" ಎಂಬ ಬೈಗುಳದಲ್ಲಿ ಅವರ ಪಾಲೇನೂ ಕಡಿಮೆಯಾಗಲಿಲ್ಲ.

ನನ್ನ ಅನಿಸಿಕೆ ಇಷ್ಟು: ಆಟಗಾರನ ಸಂಬಳ ಪತ್ರಿಕೆಯ ಶೀರ್ಷಿಕೆಯಲ್ಲಿರುತ್ತದೆ, ಮಾಲೀಕನ ಲಾಭ ಲೆಕ್ಕಪರಿಶೋಧಕರ ಕಪಾಟಿನಲ್ಲಿರುತ್ತದೆ. ಕಣ್ಣಿಗೆ ಬಿದ್ದ ಅಂಕಿಯ ಮೇಲೆ ನಾವು ಕೋಪಿಸಿಕೊಳ್ಳುತ್ತೇವೆ. ನಿಮ್ಮ ಅಭಿಪ್ರಾಯ ತಿಳಿಸಿ. ಬೈಗುಳ ಬೇಡ, ವಾದ ಇರಲಿ.

ಸಿಡಿಮದ್ದು

ಚೆನ್ನಾಗಿ ಬರೆದಿದ್ದೀರಿ, ಆದರೆ ನನಗೆ ಕಣ್ಣೀರು ಬರಲಿಲ್ಲ. ರಾತ್ರಿಯಿಡೀ ರೋಗಿಗಳ ಪಕ್ಕ ನಿಲ್ಲುವ ದಾದಿ, ಗಣಿಯೊಳಗೆ ಇಳಿಯುವ ಕಾರ್ಮಿಕ, ಮಕ್ಕಳಿಗೆ ಅಕ್ಷರ ಕಲಿಸುವ ಶಿಕ್ಷಕಿ ಇವರೆಲ್ಲ ಇಡೀ ಜೀವಮಾನದಲ್ಲಿ ಕಾಣದ ಹಣವನ್ನು ಚೆಂಡು ಹೊಡೆಯುವವನು ಒಂದೇ ಋತುವಿನಲ್ಲಿ ಎಣಿಸುತ್ತಾನೆ. ಅಷ್ಟಾದ ಮೇಲೂ "ನಮಗೆ ಅನ್ಯಾಯವಾಗಿದೆ" ಎಂದು ಪತ್ರಿಕಾಗೋಷ್ಠಿ ಕರೆಯುತ್ತಾನೆ. ಮಾಲೀಕರು ಸಾಧುಗಳು ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಶ್ರೀಮಂತರೇ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮೃತ್ಯು. ಇಲ್ಲಿ ಗಿಡ ಎಂದರೆ ಟಿಕೆಟ್ ಕೊಂಡವನು. ಅವರ ಸಂಬಳ ಏರಿದಷ್ಟೂ ನಮ್ಮ ಟಿಕೆಟ್ ದರ ಏರುತ್ತದೆ, ಅಷ್ಟೇ.

ಹಳೆಯ ಸ್ಕೋರರ್

ಸಿಡಿಮದ್ದು ಅವರೇ, ನಿಮ್ಮ ಗಣಿ ಕಾರ್ಮಿಕನ ವಾದಕ್ಕೆ ಅರವತ್ತು ವರ್ಷಗಳ ಹಿಂದೆಯೇ ಒಬ್ಬ ಫುಟ್‌ಬಾಲ್ ಆಟಗಾರ ಉತ್ತರ ಕೊಟ್ಟಿದ್ದಾನೆ.

ಆಗ ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಗರಿಷ್ಠ ವೇತನದ ನಿಯಮವಿತ್ತು. ನೀವು ಎಷ್ಟೇ ದೊಡ್ಡ ಆಟಗಾರನಾಗಿರಿ, ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಕ್ರೀಡಾಂಗಣಗಳು ತುಂಬಿ ತುಳುಕುತ್ತಿದ್ದ ಕಾಲ ಅದು. ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಸಿದ್ಧತೆಗೆ ಸಭೆ ಕರೆಯಿತು. ಕೆಳ ವಿಭಾಗದ ಒಬ್ಬ ಯುವ ಆಟಗಾರ ಎದ್ದು, ತನ್ನ ತಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಾನೆ, ತನಗಿಂತ ಕಡಿಮೆ ಸಂಪಾದಿಸುತ್ತಾನೆ, ಹೀಗಿರುವಾಗ ಇನ್ನೂ ಹೆಚ್ಚು ಕೇಳುವುದು ಸರಿಯೇ ಎಂದ. ಸಭೆ ಮೆತ್ತಗಾಯಿತು. ಆಗ ಬೋಲ್ಟನ್ ತಂಡದ ಟಾಮಿ ಬ್ಯಾಂಕ್ಸ್ ಮಾತಾಡಿದ. ಗಣಿಯ ಕೆಲಸ ಎಷ್ಟು ಕಷ್ಟವೆಂದು ನನಗೆ ಗೊತ್ತು, ಆದರೆ ನಿಮ್ಮ ತಂದೆ ಕಲ್ಲಿದ್ದಲು ಅಗೆಯುವುದನ್ನು ನೋಡಲು ಮೂವತ್ತು ಸಾವಿರ ಜನ ಹಣ ಕೊಟ್ಟು ಬರುವುದಿಲ್ಲ, ಈ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನನ್ನು ನಾನು ತಡೆಯಲು ಹೆಣಗುವುದನ್ನು ನೋಡಲು ಬರುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಆ ಕಾಲದ ದೊಡ್ಡ ತಾರೆ ಮ್ಯಾಥ್ಯೂಸ್ ಅದೇ ಸಭೆಯಲ್ಲಿ ಕುಳಿತಿದ್ದ.

1961ರ ಜನವರಿಯಲ್ಲಿ ಮಿತಿ ರದ್ದಾಯಿತು. ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರನಾದ. ಅದಕ್ಕೂ ಮೊದಲು ಗೇಟಿನಲ್ಲಿ ಸಂಗ್ರಹವಾಗುತ್ತಿದ್ದ ಹಣ ಕಡಿಮೆಯೇನೂ ಇರಲಿಲ್ಲ. ಅದರಲ್ಲಿ ಮ್ಯಾಥ್ಯೂಸ್‌ಗೆ ವಾರಕ್ಕೆ 20 ಪೌಂಡ್ ಮಾತ್ರ ಬರುತ್ತಿತ್ತು. ಉಳಿದದ್ದು ದಾದಿಯರಿಗೂ ಗಣಿ ಕಾರ್ಮಿಕರಿಗೂ ಹೋಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ತುಂಟ ಅಂಪೈರ್

ಬೇಸ್‌ಬಾಲ್‌ನ ಬಾಬಿ ಬೊನಿಯಾ ಎಂಬ ಮಹಾನುಭಾವನನ್ನು ಯಾರಾದರೂ ನೆನೆಸಿಕೊಳ್ಳಿ. ನ್ಯೂಯಾರ್ಕ್ ಮೆಟ್ಸ್ ತಂಡ ಅವನಿಗೆ ಕೊಡಬೇಕಿದ್ದ 59 ಲಕ್ಷ ಡಾಲರ್‌ಗಳನ್ನು ಆಗಲೇ ಕೊಡದೆ ಶೇಕಡ 8ರ ಬಡ್ಡಿಗೆ ಮುಂದೂಡಿತು. ಈಗ ಪ್ರತಿ ವರ್ಷ ಜುಲೈ 1ರಂದು 11,93,248 ಡಾಲರ್ ಅವನ ಖಾತೆಗೆ ಬೀಳುತ್ತದೆ, 2035ರವರೆಗೆ. ಅವನು ಕೊನೆಯ ಪಂದ್ಯ ಆಡಿದ್ದು 2001ರಲ್ಲಿ. ಜನ ಅವನನ್ನು ನೋಡಿ ನಗುತ್ತಾರೆ. ಆದರೆ ತಂಡದ ಮಾಲೀಕರು ಆ ಒಪ್ಪಂದಕ್ಕೆ ಒಪ್ಪಿದ್ದು ಮುಂದೆ ಮಹಾವಂಚಕನೆಂದು ಬಯಲಾದ ಬರ್ನಿ ಮ್ಯಾಡಾಫ್‌ನ ಬಳಿ ಹೂಡಿದರೆ ಅದಕ್ಕಿಂತ ಹೆಚ್ಚು ಬರುತ್ತದೆ ಎಂಬ ನಂಬಿಕೆಯಿಂದ. ದುರಾಸೆಗೆ ಪದಕ ಕೊಡುವುದಾದರೆ ಯಾರಿಗೆ ಕೊಡಬೇಕೆಂದು ನೀವೇ ಹೇಳಿ.

ಲೆಕ್ಕದ ಪುಸ್ತಕ

"ಸಂಬಳ ಏರಿದರೆ ಟಿಕೆಟ್ ದರ ಏರುತ್ತದೆ" ಎಂಬ ಮಾತನ್ನು ಎಲ್ಲ ಕಡೆಯೂ ಕೇಳುತ್ತೇವೆ. ಕೇಳಲು ಸಹಜವಾಗಿದೆ, ಆದರೆ ಲೆಕ್ಕ ಉಲ್ಟಾ. ಮಾಲೀಕ ಟಿಕೆಟ್ ದರ ನಿಗದಿ ಮಾಡುವಾಗ ನೋಡುವುದು ನೀವು ಎಷ್ಟು ಕೊಡಲು ಸಿದ್ಧರಿದ್ದೀರಿ ಎಂಬುದನ್ನು. ನಾಳೆ ಆಟಗಾರರೆಲ್ಲ ಅರ್ಧ ಸಂಬಳಕ್ಕೆ ಆಡುತ್ತೇವೆ ಎಂದರೂ, ಅದೇ ದರಕ್ಕೆ ಗ್ಯಾಲರಿ ತುಂಬುವುದಾದರೆ ಅವನು ದರ ಇಳಿಸಲು ಕಾರಣವೇ ಇಲ್ಲ.

ಇದಕ್ಕೆ ದೊಡ್ಡ ಪುರಾವೆ ಅಮೆರಿಕದ ಕಾಲೇಜು ಕ್ರೀಡೆ. ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ. ದಶಕಗಳ ಕಾಲ ಅಲ್ಲಿ ಮತ್ತು ಅಂಥ ಎಲ್ಲ ಕಾಲೇಜುಗಳಲ್ಲಿ ಆಟಗಾರರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ ಮಾತ್ರ. ಸಂಬಳ ಸೊನ್ನೆ. ಹಾಗಿದ್ದ ಮೇಲೆ ಟಿಕೆಟ್ ಪುಕ್ಕಟೆ ಇರಬೇಕಿತ್ತಲ್ಲವೇ? ಹಣವಿದ್ದವರು ಮಾತ್ರ ಕೊಳ್ಳಬಹುದಾದಷ್ಟು ದುಬಾರಿಯಾಗಿತ್ತು. ಆಟಗಾರರಿಗೆ ಹೋಗದ ಹಣ ತರಬೇತುದಾರರಿಗೆ ಹೋಯಿತು, ಹೊಸ ಕಟ್ಟಡಗಳಿಗೆ ಹೋಯಿತು. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ.

2021ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಲೇಜು ಕ್ರೀಡಾ ಸಂಸ್ಥೆಯ ವಿರುದ್ಧ 9-0 ತೀರ್ಪು ಕೊಟ್ಟಿತು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇನ್ನೊಂದು ಇತ್ಯರ್ಥದ ಪ್ರಕಾರ, ಕಾಲೇಜು ಬಯಸಿದರೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ನೂರು ವರ್ಷ "ಹವ್ಯಾಸಿಗಳ ಪಾವಿತ್ರ್ಯ" ಎಂದು ಪುರಾಣ ಹೇಳಿದವರೇ ಈಗ ಅದಕ್ಕೆ ನಿಯಮಾವಳಿ ಬರೆಯುತ್ತಿದ್ದಾರೆ.

ಸಿಡಿಮದ್ದು

ಅರ್ಥಶಾಸ್ತ್ರದ ಪಾಠಕ್ಕೆ ವಂದನೆಗಳು. 1994 ಮರೆತುಹೋಯಿತೇ? ಆಗಸ್ಟ್ 12ರಂದು ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು, ವರ್ಷದ ಕಿರೀಟ ನಿರ್ಧರಿಸುವ ವಿಶ್ವ ಸರಣಿಯೇ ರದ್ದಾಯಿತು. ಎರಡು ಮಹಾಯುದ್ಧಗಳ ಕಾಲದಲ್ಲೂ ನಿಲ್ಲದಿದ್ದದ್ದು ಹಣದ ಜಗಳಕ್ಕೆ ನಿಂತಿತು. ಮಾಂಟ್ರಿಯಲ್ ಎಕ್ಸ್‌ಪೋಸ್ ಆ ವರ್ಷ 74 ಗೆಲುವು, 40 ಸೋಲಿನೊಂದಿಗೆ ಇಡೀ ಲೀಗ್‌ನಲ್ಲೇ ಮುಂದಿತ್ತು. ಬ್ಯಾಟರ್ ಟೋನಿ ಗ್ವಿನ್ .394 ಸರಾಸರಿಯಲ್ಲಿದ್ದ, ಅಪರೂಪದ .400ರ ಹೊಸ್ತಿಲಲ್ಲಿ. ಎಲ್ಲ ಅಲ್ಲಿಗೇ ಮುಗಿಯಿತು. ಮಾಂಟ್ರಿಯಲ್‌ಗೆ ಅಂಥ ತಂಡ ಮತ್ತೆ ಸಿಗಲಿಲ್ಲ. ಹತ್ತು ವರ್ಷದಲ್ಲಿ ತಂಡವೇ ಊರು ಬಿಟ್ಟಿತು. ಇದಕ್ಕೆ ಯಾರು ಪರಿಹಾರ ಕೊಟ್ಟರು? ಯಾವ ನ್ಯಾಯಾಲಯದಲ್ಲಿ ಅಭಿಮಾನಿಯ ದಾವೆ ನಡೆಯಿತು?

ಹಳೆಯ ಸ್ಕೋರರ್

ಮಾಂಟ್ರಿಯಲ್ ವಿಷಯದಲ್ಲಿ ನಿಮ್ಮ ಸಂಕಟವೇ ನನ್ನದೂ. ಅದನ್ನು ಅಲ್ಲಗಳೆಯುವವನು ಆಟ ನೋಡಿದವನೇ ಅಲ್ಲ. ಆದರೆ ಕಥೆಯನ್ನು ಮುಷ್ಕರದ ದಿನದಿಂದ ಶುರು ಮಾಡಿದರೆ ಅರ್ಧ ಪುಟ ಹರಿದಂತಾಗುತ್ತದೆ. 1980ರ ದಶಕದ ಮಧ್ಯದಲ್ಲಿ ಅದೇ ಮಾಲೀಕರು ಒಳಗೊಳಗೇ ಮಾತಾಡಿಕೊಂಡು, ಗುತ್ತಿಗೆ ಮುಗಿದ ಆಟಗಾರರಿಗೆ ಯಾರೂ ಹೆಚ್ಚಿನ ಬೆಲೆ ಕೂಗಬಾರದೆಂದು ಕಟ್ಟುಪಾಡು ಮಾಡಿಕೊಂಡಿದ್ದರು. ಅದು ಮೂರು ವರ್ಷ ನಡೆಯಿತು. ಮಧ್ಯಸ್ಥಗಾರರ ಮುಂದೆ ಸಾಬೀತಾಗಿ, 1990ರಲ್ಲಿ 28 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ನಾಲ್ಕೇ ವರ್ಷದ ನಂತರ ಅವರೇ ಬಂದು "ನಮ್ಮನ್ನು ನಂಬಿ, ನಮಗೆ ನಷ್ಟವಾಗುತ್ತಿದೆ, ಸಂಬಳಕ್ಕೆ ಮಿತಿ ಒಪ್ಪಿಕೊಳ್ಳಿ" ಎಂದರೆ ನೀವು ನಂಬುತ್ತಿದ್ದಿರಾ?

ಕೊನೆಗೆ 1995ರ ಮಾರ್ಚ್ 31ರಂದು ಒಬ್ಬ ಜಿಲ್ಲಾ ನ್ಯಾಯಾಧೀಶೆ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟ ಮೇಲೆ ಆಟ ಮತ್ತೆ ಶುರುವಾಯಿತು. ಆಕೆ ಸೋನಿಯಾ ಸೋಟೊಮಯೋರ್, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದವರು. ಆ ವಸಂತದಲ್ಲಿ ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ "ದುರಾಸೆ" ಎಂದು ಬರೆದ ಅಂಗಿ ತೊಟ್ಟ ಮೂವರು ಮೈದಾನಕ್ಕೆ ನುಗ್ಗಿ ಆಟಗಾರರ ಕಾಲ ಬಳಿ ಒಂದೊಂದು ಡಾಲರ್‌ನ ನೋಟುಗಳನ್ನು ಎಸೆದರು. ಮಾಲೀಕರ ಗಾಜಿನ ಕೋಣೆಯ ಕಡೆ ಯಾರೂ ಎಸೆಯಲಿಲ್ಲ. ಅಷ್ಟು ಮೇಲಕ್ಕೆ ನೋಟು ಹಾರುವುದಿಲ್ಲ, ಬಿಡಿ.

ಇನ್ನೂ ಹಿಂದಕ್ಕೆ ಹೋದರೆ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಇದ್ದಾನೆ. 1969ರಲ್ಲಿ ಅವನ ತಂಡ ಅವನನ್ನು ಕೇಳದೆಯೇ ಫಿಲಡೆಲ್ಫಿಯಾಗೆ ದಾಟಿಸಿತು. ವರ್ಷಕ್ಕೆ 90,000 ಡಾಲರ್ ಸಂಬಳ, ಆ ಕಾಲಕ್ಕೆ ಭಾರಿ ಮೊತ್ತ. ನಾನು ಮಾರುವ ಕೊಳ್ಳುವ ವಸ್ತುವಲ್ಲ ಎಂದು ಅವನು ಲೀಗ್ ಆಯುಕ್ತರಿಗೆ ಪತ್ರ ಬರೆದು ನ್ಯಾಯಾಲಯಕ್ಕೆ ಹೋದ. 1970ರ ಇಡೀ ಋತು ಆಡಲಿಲ್ಲ. 1972ರಲ್ಲಿ 5-3ರಿಂದ ಸೋತ. ವಿಚಾರಣೆಯ ದಿನಗಳಲ್ಲಿ ಆಗ ಆಡುತ್ತಿದ್ದ ಒಬ್ಬನೇ ಒಬ್ಬ ಆಟಗಾರ ನ್ಯಾಯಾಲಯದತ್ತ ಸುಳಿಯಲಿಲ್ಲ. ಮೂರು ವರ್ಷದ ನಂತರ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ, ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ಆ ಬೇಲಿ ಮುರಿಯಿತು. ಫಲ ಉಂಡವರಲ್ಲಿ ಫ್ಲಡ್ ಇರಲಿಲ್ಲ.

ಹನ್ನೆರಡನೆಯವ

ಈ ಚರ್ಚೆಯಲ್ಲಿ ಎಲ್ಲರೂ ನಕ್ಷತ್ರಗಳನ್ನೇ ನೋಡುತ್ತಿದ್ದೀರಿ. ವೇತನದ ಜಗಳಗಳಲ್ಲಿ ಬಹುಪಾಲು ನಡೆಯುವುದು ನಕ್ಷತ್ರಗಳ ಸಲುವಾಗಿ ಅಲ್ಲ.

2017ರ ಆಸ್ಟ್ರೇಲಿಯಾ ಕ್ರಿಕೆಟ್ ನೋಡಿ. ಮಂಡಳಿಯ ಆದಾಯದಲ್ಲಿ ಆಟಗಾರರಿಗೆ ನಿಗದಿತ ಪಾಲು ಕೊಡುವ ಪದ್ಧತಿ ಎರಡು ದಶಕಗಳಿಂದ ಇತ್ತು. ಮಂಡಳಿ ಅದನ್ನು ಮುರಿಯಲು ಹೊರಟಿತು. ರಾಷ್ಟ್ರೀಯ ತಂಡದ ಆಟಗಾರರಿಗೆ ಮಾತ್ರ ಹೆಚ್ಚುವರಿ ಲಾಭದಲ್ಲಿ ಪಾಲು ಮುಂದುವರಿಸುತ್ತೇವೆ, ದೇಶೀಯ ಆಟಗಾರರಿಗೆ ಇಲ್ಲ ಎಂದಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಮೇಲಿನವರ ಬಾಯಿ ಸಿಹಿ ಮಾಡಿದರೆ ಕೆಳಗಿನವರ ಸದ್ದು ಅಡಗುತ್ತದೆ ಎಂಬ ಲೆಕ್ಕ ಅದು. ಆದರೆ ಮೇಲಿನವರು ಒಪ್ಪಲಿಲ್ಲ. ಜೂನ್ 30ಕ್ಕೆ ಒಪ್ಪಂದ ಮುಗಿದು ಸುಮಾರು 230 ಆಟಗಾರರು ಕೆಲಸವಿಲ್ಲದವರಾದರು. ಆಸ್ಟ್ರೇಲಿಯಾ 'ಎ' ತಂಡ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೋಗಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮಂಡಳಿ ಮಣಿಯಿತು, ಪಾಲಿನ ಪದ್ಧತಿ ಉಳಿಯಿತು. ಅದೇ ಒಪ್ಪಂದದಲ್ಲಿ ಮಹಿಳಾ ಆಟಗಾರರಿಗೆ ಮೀಸಲಾದ ಮೊತ್ತ 75 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಳಿಂದ 5.52 ಕೋಟಿಗೆ ಏರಿತು.

2019ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಆಟಗಾರರು 11 ಬೇಡಿಕೆಗಳೊಂದಿಗೆ ಆಟ ನಿಲ್ಲಿಸಿದರು. ಮುಂದೆ ನಿಂತವನು ಶಕೀಬ್ ಅಲ್ ಹಸನ್. ಅವನಿಗೆ ಹಣಕ್ಕೇನು ಬರ? ಬೇಡಿಕೆಗಳಲ್ಲಿ ಇದ್ದದ್ದು ಪ್ರಥಮ ದರ್ಜೆ ಪಂದ್ಯಗಳ ಸಂಭಾವನೆ, ಸ್ಥಳೀಯ ತರಬೇತುದಾರರ ಮತ್ತು ಅಂಪೈರ್‌ಗಳ ವೇತನ, ಮೈದಾನದ ಸಿಬ್ಬಂದಿಯ ಸಂಬಳ. ಪಿಚ್‌ಗೆ ನೀರು ಹಾಯಿಸಿ ರೋಲರ್ ಎಳೆಯುವವನ ಕೂಲಿಗಾಗಿ ನಾಯಕನೊಬ್ಬ ಬ್ಯಾಟ್ ಕೆಳಗಿಟ್ಟದ್ದನ್ನು ಯಾರಾದರೂ "ದುರಾಸೆ" ಎಂದು ಕರೆಯಬಲ್ಲಿರಾ? ಎರಡೇ ದಿನದಲ್ಲಿ ಮಂಡಳಿ ಬಹುತೇಕ ಒಪ್ಪಿಕೊಂಡಿತು. ವಾರ ಕಳೆಯುವುದರೊಳಗೆ, ಬುಕ್ಕಿಗಳು ಸಂಪರ್ಕಿಸಿದ್ದನ್ನು ತಿಳಿಸದಿದ್ದ ಕಾರಣಕ್ಕೆ ಶಕೀಬ್ ನಿಷೇಧಕ್ಕೆ ಒಳಗಾದ, ಅದು ಬೇರೆ ಕಥೆ. ಅವನ ತಪ್ಪಿನಿಂದ ಬೇಡಿಕೆಗಳು ತಪ್ಪಾಗುವುದಿಲ್ಲ.

ಅಮೆರಿಕದ ಬೇಸ್‌ಬಾಲ್‌ನ ಕೆಳ ಲೀಗ್‌ಗಳ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಅತ್ಯಂತ ಕೆಳಹಂತದ ಆಟಗಾರನಿಗೆ ವರ್ಷಕ್ಕೆ 4,800 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. ಕನಿಷ್ಠ ವೇತನ ಕಾಯ್ದೆ ಅವರಿಗೆ ಅನ್ವಯಿಸಬಾರದೆಂದು ಲೀಗ್ 2018ರಲ್ಲಿ ಸಂಸತ್ತಿನಿಂದ ವಿನಾಯಿತಿಯನ್ನೇ ಪಡೆದುಕೊಂಡಿತ್ತು! 2022ರಲ್ಲಿ ಹಳೆಯ ಬಾಕಿಯ ದಾವೆ 18.5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಅದೇ ವರ್ಷ ಅವರು ಸಂಘ ಸೇರಿದರು. ಮರುವರ್ಷ ಮೊದಲ ಒಪ್ಪಂದವಾದಾಗ 4,800 ಇದ್ದದ್ದು 19,800 ಆಯಿತು. ಮೇಲಿನ ಹಂತದವರದು 17,500ರಿಂದ 35,800. ಇವರೂ "ಕ್ರೀಡಾಪಟು"ಗಳೇ. ನಮ್ಮ ಬೈಗುಳದಲ್ಲಿ ಇವರಿಗೂ ಪಾಲಿದೆ.

ಸಿಡಿಮದ್ದು

ಹಾಗಾದರೆ 2014ರ ವೆಸ್ಟ್ ಇಂಡೀಸ್ ತಂಡದ ಬಗ್ಗೆಯೂ ಹೇಳಿ. ಭಾರತ ಪ್ರವಾಸದ ನಡುವೆ, ಧರ್ಮಶಾಲಾದ ನಾಲ್ಕನೇ ಏಕದಿನ ಪಂದ್ಯದ ನಂತರ ಗಂಟುಮೂಟೆ ಕಟ್ಟಿ ಹೊರಟರು. ಇನ್ನೊಂದು ಏಕದಿನ ಪಂದ್ಯ, ಒಂದು ಟಿ20, ಮೂರು ಟೆಸ್ಟ್ ಬಾಕಿ ಇದ್ದವು. ಟಿಕೆಟ್ ಕೊಂಡವರ, ರಜೆ ಹಾಕಿಕೊಂಡವರ ಗತಿ? ಭಾರತೀಯ ಮಂಡಳಿ ಸುಮಾರು 4.2 ಕೋಟಿ ಡಾಲರ್ ನಷ್ಟ ಕೇಳಿತು. ವೆಸ್ಟ್ ಇಂಡೀಸ್‌ನ ಬಡ ಮಂಡಳಿಯ ಕೈಯಲ್ಲಿ ಅಷ್ಟು ಹಣ ಎಲ್ಲಿತ್ತು?

ಸಂಘದ ಸದಸ್ಯೆ

ಇದಕ್ಕೆ ನಾನು ಉತ್ತರಿಸಬೇಕು, ಏಕೆಂದರೆ 2014ರದು ನನಗೆ ಚೆನ್ನಾಗಿ ಅರ್ಥವಾಗುವ ಜಗಳ. ಆ ಆಟಗಾರರ ಸಿಟ್ಟು ಮಂಡಳಿಯ ಮೇಲೆ ಎಷ್ಟಿತ್ತೋ ತಮ್ಮದೇ ಸಂಘದ ಮೇಲೂ ಅಷ್ಟೇ ಇತ್ತು. ಸಂಘದ ಮುಖ್ಯಸ್ಥ ಮಂಡಳಿಯೊಂದಿಗೆ ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದ. ತಮ್ಮನ್ನು ಕೇಳಲಿಲ್ಲ, ತಮ್ಮ ಸಂಪಾದನೆಗೆ ದೊಡ್ಡ ಕತ್ತರಿ ಬಿದ್ದಿದೆ ಎಂಬುದು ಆಟಗಾರರ ದೂರು. ಕಡಿತದ ಒಂದು ಭಾಗ ದೇಶೀಯ ಆಟಗಾರರ ವೇತನಕ್ಕೆ ಹೋಗುವುದಿತ್ತು ಎಂಬುದನ್ನೂ ಹೇಳಬೇಕು. ಹಾಗಾಗಿ ಹನ್ನೆರಡನೆಯವ ಹೇಳಿದ ಆಸ್ಟ್ರೇಲಿಯಾದ ಕಥೆಗೆ ಇದು ತದ್ವಿರುದ್ಧ. ಅಲ್ಲಿ ಮೇಲಿನವರು ಕೆಳಗಿನವರಿಗಾಗಿ ನಿಂತರು, ಇಲ್ಲಿ ಮೇಲಿನವರಿಂದ ಕಿತ್ತು ಕೆಳಗಿನವರಿಗೆ ಕೊಡಲು ಹೊರಟರು, ಅದೂ ಮೇಲಿನವರನ್ನು ಕೇಳದೆ. ಒಳ್ಳೆಯ ಉದ್ದೇಶವನ್ನೂ ಹೀಗೆ ಕೆಡಿಸಬಹುದು.

ನಾನು ಕಾರ್ಖಾನೆಯೊಂದರಲ್ಲಿ ದುಡಿಯುತ್ತೇನೆ, ಕಾರ್ಮಿಕ ಸಂಘದಲ್ಲಿದ್ದೇನೆ. ನಮ್ಮಲ್ಲಿ ವೇತನ ಒಪ್ಪಂದದ ಮಾತುಕತೆ ಹತ್ತಿರ ಬಂದಾಗ ಆಡಳಿತ ಒಂದು ಕೆಲಸ ತಪ್ಪದೆ ಮಾಡುತ್ತದೆ. ಅತಿ ಹೆಚ್ಚು ಓವರ್‌ಟೈಮ್ ಮಾಡಿದ ಹಿರಿಯ ಕೆಲಸಗಾರನ ಒಂದು ತಿಂಗಳ ಸಂಬಳದ ಮೊತ್ತ ಹೇಗೋ ಹೊರಗೆ ಬರುತ್ತದೆ, ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸಂಖ್ಯೆ. ಗುತ್ತಿಗೆ ನೌಕರರು ಕಾಯಂ ನೌಕರರನ್ನು ಅನುಮಾನದಿಂದ ನೋಡಲು ಶುರು ಮಾಡುತ್ತಾರೆ. ಕಂಪನಿಯ ಲಾಭದ ಸಂಖ್ಯೆ ಮಾತ್ರ ಯಾರ ಬಾಯಲ್ಲೂ ಇರುವುದಿಲ್ಲ. ಆಟದ ಸುದ್ದಿಯಲ್ಲಿ "ನಕ್ಷತ್ರ ಆಟಗಾರನಿಗೆ ಇಷ್ಟು ಕೋಟಿ" ಎಂಬ ಸಾಲು ಕಂಡಾಗಲೆಲ್ಲ ನನಗೆ ಆ ಕ್ಯಾಂಟೀನಿನ ಮಾತುಗಳೇ ಕೇಳಿಸುತ್ತವೆ.

ಸಿಡಿಮದ್ದು ಅವರೇ, ದಾದಿಯ ಹೆಸರು ಹೇಳಿದಿರಿ. ದಾದಿಯರು ಮುಷ್ಕರ ಹೂಡಿದ ದಿನ ನೀವು ಅವರ ಜೊತೆ ನಿಲ್ಲುತ್ತೀರಾ? ಅಥವಾ ಆಗ "ರೋಗಿಗಳ ಗತಿ?" ಎನ್ನುತ್ತೀರಾ? ಕೆಣಕಲು ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕಿದೆ.

ಸಿಡಿಮದ್ದು

ದಾದಿಯರ ಜೊತೆ ನಿಲ್ಲುತ್ತೇನೆ. ಹಿಂದೆಯೂ ನಿಂತಿದ್ದೇನೆ. ಅದಕ್ಕೇ ಈ ಹೋಲಿಕೆ ನನ್ನನ್ನು ಕೆರಳಿಸುವುದು. ದಾದಿ ಕೇಳುವುದು ಬದುಕಲು ಬೇಕಾದ ಹಣ.

ಎಡಗಾಲು

ಹಾಗಾದರೆ ಬದುಕಲು ಬೇಕಾದಷ್ಟನ್ನೇ ಕೇಳಿದ ಆಟಗಾರ್ತಿಯರ ಬಗ್ಗೆ ಮಾತಾಡೋಣ.

1970ರಲ್ಲಿ ಒಂಬತ್ತು ಟೆನಿಸ್ ಆಟಗಾರ್ತಿಯರು ತಲಾ ಒಂದು ಡಾಲರ್‌ನ ಗುತ್ತಿಗೆಗೆ ಸಹಿ ಹಾಕಿ ಬೇರೆ ಟೂರ್ನಿ ಕಟ್ಟಿದರು. ಬಿಲ್ಲಿ ಜೀನ್ ಕಿಂಗ್ ಅವರಲ್ಲಿ ಒಬ್ಬರು. ಮೂರು ವರ್ಷದಲ್ಲಿ ಯುಎಸ್ ಓಪನ್ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್‌ಗೆ ಆ ಬುದ್ಧಿ ಬರಲು 2007 ಆಗಬೇಕಾಯಿತು.

ಫುಟ್‌ಬಾಲ್‌ನಲ್ಲಿ 2018ರ ಪುರುಷರ ವಿಶ್ವಕಪ್ ಗೆದ್ದ ತಂಡಕ್ಕೆ 3.8 ಕೋಟಿ ಡಾಲರ್, ಮರುವರ್ಷ ಮಹಿಳೆಯರ ವಿಶ್ವಕಪ್ ಗೆದ್ದ ತಂಡಕ್ಕೆ 40 ಲಕ್ಷ. ಅಮೆರಿಕದ ಮಹಿಳೆಯರು ಆ ಕಪ್ ಎತ್ತಿದಾಗ ಲಿಯಾನ್ ಕ್ರೀಡಾಂಗಣದ ಪ್ರೇಕ್ಷಕರು "ಸಮಾನ ವೇತನ" ಎಂದು ಘೋಷಣೆ ಕೂಗಿದರು. ಅಭಿಮಾನಿಗಳು ಯಾವಾಗಲೂ ಆಟಗಾರರನ್ನೇ ಬೈಯುತ್ತಾರೆ ಎಂಬ ಗ್ಯಾಲರಿ ಗಿರಾಕಿಯವರ ಮಾತಿಗೆ ನನ್ನ ತಕರಾರು ಇಲ್ಲಿಂದಲೇ ಶುರು. 2022ರಲ್ಲಿ ಆ ಆಟಗಾರ್ತಿಯರ ಸಮಾನ ವೇತನದ ದಾವೆ 2.4 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಅದಕ್ಕಿಂತ ನನಗೆ ದೊಡ್ಡದೆನಿಸುವುದು ಆಮೇಲಿನ ಒಪ್ಪಂದ: ಎರಡೂ ತಂಡಗಳ ವಿಶ್ವಕಪ್ ಬಹುಮಾನ ಒಂದೇ ಗಂಟಿಗೆ, ಸಮಪಾಲು. ಆ ವರ್ಷ ಕತಾರ್‌ನಲ್ಲಿ ಪುರುಷರ ತಂಡ ಗಳಿಸಿದ 1.3 ಕೋಟಿ ಡಾಲರ್‌ನಲ್ಲಿ ಮಹಿಳೆಯರಿಗೂ ಪಾಲು ಬಂತು. ಪುರುಷ ಆಟಗಾರರು ಒಪ್ಪಿಕೊಳ್ಳದೆ ಅದು ಆಗುತ್ತಿರಲಿಲ್ಲ.

ಕೈಟ್ಲಿನ್ ಕ್ಲಾರ್ಕ್ 2024ರಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್‌ಗೆ ಬಂದಾಗ ಅವಳ ಪಂದ್ಯಗಳಿಗಾಗಿ ಎದುರಾಳಿ ತಂಡಗಳು ದೊಡ್ಡ ಕ್ರೀಡಾಂಗಣಗಳಿಗೆ ಸ್ಥಳಾಂತರಗೊಂಡವು. ಅವಳ ಮೊದಲ ವರ್ಷದ ಸಂಬಳ 76,535 ಡಾಲರ್. ಅದೇ ವರ್ಷ ಲೀಗ್ 11 ವರ್ಷಕ್ಕೆ 220 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದ ಮಾಡಿಕೊಂಡಿತು. 2025ರ ಜುಲೈನ ಆಲ್-ಸ್ಟಾರ್ ಪಂದ್ಯಕ್ಕೆ ಮುನ್ನ ಆಟಗಾರ್ತಿಯರೆಲ್ಲ "ನಮಗೆ ಬರಬೇಕಾದದ್ದನ್ನು ಕೊಡಿ" ಎಂಬ ಬರಹದ ಕಪ್ಪು ಅಂಗಿ ತೊಟ್ಟು ಬಂದರು. ಪಂದ್ಯ ಮುಗಿದ ಮೇಲೆ ಆಯುಕ್ತೆ ಟ್ರೋಫಿ ಕೊಡುತ್ತಿದ್ದಾಗ ಗ್ಯಾಲರಿಯಿಂದ ಒಂದೇ ಕೂಗು: "ಅವರಿಗೆ ಹಣ ಕೊಡಿ." ಆಯುಕ್ತೆ ನಗುಮುಖ ಉಳಿಸಿಕೊಳ್ಳಲು ಪಟ್ಟ ಪಾಡನ್ನು ಸಿಡಿಮದ್ದು ಅವರು ಒಮ್ಮೆ ನೋಡಬೇಕು.

ಗ್ಯಾಲರಿ ಗಿರಾಕಿ

ಎಡಗಾಲು ಅವರ ತಕರಾರು ನ್ಯಾಯವಾದದ್ದೇ. ಆದರೆ ಗಮನಿಸಿ, ಅಲ್ಲಿ 76,535 ಎಂಬ ಸಣ್ಣ ಸಂಖ್ಯೆ ಎಲ್ಲರಿಗೂ ಗೊತ್ತಿತ್ತು, 220 ಕೋಟಿ ಎಂಬ ದೊಡ್ಡ ಸಂಖ್ಯೆಯೂ ಗೊತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾದಾಗ ಗ್ಯಾಲರಿ ಬೇರೆ ಥರ ಕೂಗುತ್ತದೆ.

ತುಂಟ ಅಂಪೈರ್

ನಮ್ಮ ಜಾತಿಯವರನ್ನು ಎಲ್ಲರೂ ಮರೆತಿದ್ದೀರಿ. 2012ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಪಿಂಚಣಿ ಜಗಳದಲ್ಲಿ ರೆಫರಿಗಳನ್ನು ಹೊರಗಿಟ್ಟು ಬಾಡಿಗೆ ರೆಫರಿಗಳನ್ನು ತಂದಿತು. "ಸೀಟಿ ಊದಲು ಅಷ್ಟು ಹಣ ಏಕೆ" ಎಂದು ಜನ ನಕ್ಕರು. ಸೆಪ್ಟೆಂಬರ್ 24ರ ರಾತ್ರಿ ಸಿಯಾಟಲ್ ಮತ್ತು ಗ್ರೀನ್ ಬೇ ಪಂದ್ಯದ ಕೊನೆಯ ಚೆಂಡಿಗೆ ಇಬ್ಬರು ಬದಲಿ ರೆಫರಿಗಳು ಅಕ್ಕಪಕ್ಕದಲ್ಲೇ ನಿಂತು ಒಬ್ಬೊಬ್ಬರು ಒಂದೊಂದು ಬೇರೆ ಸನ್ನೆ ಮಾಡಿದರು. ಸಿಯಾಟಲ್ ಗೆದ್ದಿತು. ಎರಡು ದಿನದಲ್ಲಿ ಒಪ್ಪಂದವಾಗಿ ಹಳೆಯ ರೆಫರಿಗಳು ವಾಪಸ್! ಅವರನ್ನು ಎದ್ದು ನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರಂತೆ. ಇತಿಹಾಸದಲ್ಲಿ ರೆಫರಿಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ ಇರಬೇಕು.

ಹನ್ನೆರಡನೆಯವ

ಭಾರತದ ಕ್ರಿಕೆಟ್ ಬಗ್ಗೆ ಒಂದು ಮಾತು. ಐಪಿಎಲ್‌ನ 2023ರಿಂದ 2027ರವರೆಗಿನ ಮಾಧ್ಯಮ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ವರ್ಷಕ್ಕೆ ಸರಾಸರಿ 9,678 ಕೋಟಿ. 2025ರಲ್ಲಿ ಹತ್ತು ತಂಡಗಳಿಗೆ ಆಟಗಾರರ ಮೇಲೆ ಖರ್ಚು ಮಾಡಲು ತಲಾ 120 ಕೋಟಿ, ಪಂದ್ಯ ಸಂಭಾವನೆಗೆ ಇನ್ನೊಂದು 12.6 ಕೋಟಿ. ಒಟ್ಟು 1,326 ಕೋಟಿ. ಅಂದರೆ ಪ್ರಾಯೋಜಕತ್ವ, ಟಿಕೆಟ್ ಎಲ್ಲ ಬಿಟ್ಟು ಮಾಧ್ಯಮದ ಹಣವೊಂದನ್ನೇ ಹಿಡಿದರೂ ಆಟಗಾರರಿಗೆ ಬಂದದ್ದು ಸುಮಾರು ಏಳರಲ್ಲಿ ಒಂದು ಪಾಲು. ಅಮೆರಿಕದ ಪುರುಷರ ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿ ಲೀಗ್‌ಗಳಲ್ಲಿ ಎಲ್ಲ ಆದಾಯದ ಸುಮಾರು ಅರ್ಧ.

ವ್ಯತ್ಯಾಸ ಎಲ್ಲಿದೆ? ಅಲ್ಲಿ ಸಂಘವಿದೆ, ಇಲ್ಲಿ ಆಡುತ್ತಿರುವ ಆಟಗಾರರ ಸಂಘವೇ ಇಲ್ಲ. 2019ರಲ್ಲಿ ಶುರುವಾದ ಭಾರತೀಯ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ. ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಕೂಗಿದಾಗ ಎಲ್ಲರೂ ಬೆರಗಾದೆವು. ಆ ಬೆರಗಿನ ಸದ್ದಿನಲ್ಲಿ 9,678 ಕಿವಿಗೇ ಬೀಳಲಿಲ್ಲ.

ಲೆಕ್ಕದ ಪುಸ್ತಕ

ಒಂದು ಎಚ್ಚರಿಕೆ: ಐಪಿಎಲ್ ಎರಡು ತಿಂಗಳ ಟೂರ್ನಿ, ಬೇರೆಯವು ಅರ್ಧ ವರ್ಷ ನಡೆಯುವಂಥವು, ಮತ್ತು ಮಂಡಳಿ ಆ ಹಣದ ಒಂದಿಷ್ಟನ್ನು ದೇಶೀಯ ಕ್ರಿಕೆಟ್‌ಗೂ ಹಾಕುತ್ತದೆ. ನೇರ ಹೋಲಿಕೆಗೆ ಆ ಮಿತಿ ಇದೆ. ಆದರೂ ಅರ್ಧಕ್ಕೂ ಏಳನೇ ಒಂದಕ್ಕೂ ನಡುವಿನ ಕಂದಕ ಇದರಿಂದ ಮುಚ್ಚುವಂಥದ್ದಲ್ಲ.

ಎಡಗಾಲು

ಅಭಿಮಾನಿಗೆ ದನಿಯಿಲ್ಲ ಎಂಬ ಗೋಳಿಗೂ ಉತ್ತರವಿದೆ. 2016ರ ಫೆಬ್ರವರಿ 6, ಲಿವರ್‌ಪೂಲ್ ಮತ್ತು ಸಂಡರ್‌ಲ್ಯಾಂಡ್ ಪಂದ್ಯ. ಹೊಸ ಗ್ಯಾಲರಿಯ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಕ್ಲಬ್ ಪ್ರಕಟಿಸಿತ್ತು. ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಅಭಿಮಾನಿಗಳು ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಕೊನೆಗೆ ಪಂದ್ಯ 2-2. ನಾಲ್ಕು ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. ಜರ್ಮನಿಯಲ್ಲಿ 2023-24ರ ಚಳಿಗಾಲದಲ್ಲಿ ಲೀಗ್ ತನ್ನ ಮಾಧ್ಯಮ ಆದಾಯದ ಶೇಕಡ 8ನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಮಾರಲು ಹೊರಟಾಗ, ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಪಂದ್ಯ ನಿಲ್ಲಿಸಿದರು. ಫೆಬ್ರವರಿ 21ರಂದು ಲೀಗ್ ಆ ಯೋಜನೆಯನ್ನೇ ಬಿಟ್ಟಿತು. ಎರಡೂ ಕಡೆ ಸಿಟ್ಟು ಸರಿಯಾದ ವಿಳಾಸಕ್ಕೆ ಹೋಗಿತ್ತು.

ಸಿಡಿಮದ್ದು

77ನೇ ನಿಮಿಷದ ಕಥೆ ಇಷ್ಟವಾಯಿತು, ಒಪ್ಪುತ್ತೇನೆ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ನನ್ನ ಟಿಕೆಟ್ ಹಣದಿಂದಲೇ ಅವನ ಸಂಬಳ ಹೋಗುವುದು ಅಲ್ಲವೇ?

ಲೆಕ್ಕದ ಪುಸ್ತಕ

ಒಂದು ಕಡೆಯಾದರೂ ಇದನ್ನು ಕಾಗದದ ಮೇಲೆ ನೋಡಬಹುದು. ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕನಿಲ್ಲ, ಅದರ ಷೇರುಗಳು ಸಾಮಾನ್ಯ ಜನರ ಕೈಯಲ್ಲಿವೆ. ಹಾಗಾಗಿ ಅದು ಪ್ರತಿ ವರ್ಷ ಲೆಕ್ಕಪತ್ರ ಪ್ರಕಟಿಸುತ್ತದೆ. 2024ರ ಋತುವನ್ನು ಒಳಗೊಂಡ ಲೆಕ್ಕದ ಪ್ರಕಾರ ಪ್ರಸಾರ ಹಕ್ಕು ಮುಂತಾದ ರಾಷ್ಟ್ರೀಯ ಆದಾಯದಿಂದ ತಂಡಕ್ಕೆ ಬಂದ ಪಾಲು 43.26 ಕೋಟಿ ಡಾಲರ್. ಈ ಹಣವನ್ನು ಲೀಗ್ 32 ತಂಡಗಳಿಗೂ ಸಮನಾಗಿ ಹಂಚುತ್ತದೆ. ಆ ಋತುವಿನ ವೇತನ ಮಿತಿ 25.54 ಕೋಟಿ. ಆಟಗಾರರ ವಿಮೆ, ಪಿಂಚಣಿ ಮುಂತಾದವನ್ನು ಸೇರಿಸಿದರೂ ಆ ಪಾಲಿನೊಳಗೇ ಮುಗಿಯುತ್ತದೆ. ಒಂದೇ ಒಂದು ಟಿಕೆಟ್ ಮಾರುವ ಮೊದಲೇ ಇಡೀ ತಂಡದ ಸಂಬಳ ಕೈಗೆ ಬಂದಾಗಿರುತ್ತದೆ.

ಸಿಡಿಮದ್ದು

ಹಾಗಾದರೆ ಟಿಕೆಟ್ ಹಣ ಎಲ್ಲಿಗೆ ಹೋಗುತ್ತದೆ?

ಲೆಕ್ಕದ ಪುಸ್ತಕ

ಗ್ರೀನ್ ಬೇಯದಾದರೆ ಕ್ರೀಡಾಂಗಣದ ನಿರ್ವಹಣೆ, ತರಬೇತುದಾರರು, ಸಿಬ್ಬಂದಿ, ಮೀಸಲು ನಿಧಿ. ವರದಿಯಲ್ಲಿ ಇದೆ. ಉಳಿದ 31 ತಂಡಗಳು ಪುಸ್ತಕ ತೆರೆಯುವುದಿಲ್ಲ.

ಸಿಡಿಮದ್ದು

ಡಿಸೆಂಬರ್‌ನಲ್ಲಿ ಬೇಸ್‌ಬಾಲ್‌ಗೆ ಬೀಗ ಬಿದ್ದರೆ ಆಟಗಾರರನ್ನು ಬೈಯುವುದನ್ನು ನಾನು ಪೂರ್ತಿ ಬಿಡುವುದಿಲ್ಲ, ಅಭ್ಯಾಸಬಲ. ಆದರೆ ಮಾಲೀಕರು "ನಷ್ಟ" ಎಂದಾಗ ಲೆಕ್ಕಪತ್ರ ತೋರಿಸಿ ಎಂದು ಮೊದಲು ಕೇಳುತ್ತೇನೆ. ಸಂಘದ ಸದಸ್ಯೆಯವರೇ, ನಿಮ್ಮ ಕಾರ್ಖಾನೆಯ ಮಾತುಕತೆ ಏನಾಯಿತು?

ಸಂಘದ ಸದಸ್ಯೆ

ನಡೆಯುತ್ತಿದೆ. ನಾವೂ ಅದನ್ನೇ ಕೇಳಿದ್ದೇವೆ.